ಗುಡ್ಡದ ಮಡಿಲಿನ ಹೂಲಿ: ನೆಲ, ಹೆಸರು ಮತ್ತು ಇತಿಹಾಸ

ನಾಡಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ರಾಜಧಾನಿಗಳಿಂದ ಪ್ರಾರಂಭಿಸುತ್ತಾರೆ, ಕೋಟೆಕೊತ್ತಲಗಳಲ್ಲಿ ಮುಂದುವರಿಯುತ್ತಾರೆ, ಯುದ್ಧಗಳ ಇಸವಿಗಳಲ್ಲಿ ಮುಗಿಸುತ್ತಾರೆ. ನಮ್ಮ ಸೀಮೆಯ ಮಟ್ಟಿಗೂ ಈ ಮಾತು ನಿಜ. ಕಿತ್ತೂರೆಂದೊಡನೆ 1824ರ ಸಮರವೂ, ಬೈಲಹೊಂಗಲವೆಂದೊಡನೆ 1829ರಲ್ಲಿ ಸೆರೆಯಲ್ಲಿಯೇ ಲಿಂಗೈಕ್ಯಳಾದ ರಾಣಿ ಚೆನ್ನಮ್ಮನ ಸಮಾಧಿಯೂ ನೆನಪಿಗೆ ಬರುತ್ತವೆ. ಸವದತ್ತಿಯೆಂದರೆ ರಟ್ಟರು ಮತ್ತು ಯಲ್ಲಮ್ಮನ ಗುಡ್ಡ; ರಾಮದುರ್ಗವೆಂದರೆ 1948ರವರೆಗೆ ಬಾಳಿದ ಒಂದು ಸಂಸ್ಥಾನ. ಇವೆಲ್ಲವೂ ಸರಿಯೇ. ಆದರೆ ಈ ಪ್ರಸಿದ್ಧ ಸ್ಥಳಗಳ ನಡುನಡುವೆ, ಗುಡ್ಡಗಳ ಬುಡದಲ್ಲಿ, ಹಳ್ಳಗಳ ಮಗ್ಗುಲಲ್ಲಿ ಸದ್ದಿಲ್ಲದೆ ಬಾಳಿಕೊಂಡು ಬಂದಿರುವ ಊರುಗಳಿವೆ. ಅವುಗಳಿಗೆ ಪುರಸಭೆಯಿಲ್ಲ, ಪೇಟೆಯ ಗದ್ದಲವಿಲ್ಲ, ಪಠ್ಯಪುಸ್ತಕದಲ್ಲಿ ಒಂದು ಸಾಲಿನ ಸ್ಥಾನವೂ ಇಲ್ಲ. ಆದರೂ ನಾಡಿನ ವಿದ್ಯೆ, ಧರ್ಮ, ಆಡಳಿತಗಳ ನಿಜವಾದ ಬೇರು ಎಷ್ಟೋ ಸಲ ಅಂಥ ಊರುಗಳಲ್ಲಿಯೇ ಇಳಿದಿರುತ್ತದೆ. ಸವದತ್ತಿಯಿಂದ ಪೂರ್ವಕ್ಕೆ ಸುಮಾರು 9 ಕಿಲೋಮೀಟರು ದೂರದಲ್ಲಿರುವ ಹೂಲಿ ಅಂಥದೊಂದು ಊರು.

ಈ ಸಂಪುಟದ ಓದುಗರಲ್ಲಿ ಹಲವರು ಇಂಥ ಊರುಗಳಿಂದಲೇ ಬಂದವರು. ಆದ್ದರಿಂದ ಹೂಲಿಯ ನೆಲ, ಹೆಸರು, ಇತಿಹಾಸಗಳನ್ನು ಕುರಿತು ನಾಲ್ಕು ಮಾತುಗಳನ್ನು ಇಲ್ಲಿ ಅರಿಕೆ ಮಾಡುವುದು ಅನುಚಿತವಾಗಲಾರದು.

ನೆಲೆ ಮತ್ತು ನೆಲ

ಪಶ್ಚಿಮ ಘಟ್ಟದ ಮಡಿಲಿನಲ್ಲಿ, ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಮಲೆನಾಡನ್ನು ದಾಟಿ ಬೈಲಹೊಂಗಲದ ಸೀಮೆಯನ್ನು ಹಾಯ್ದು ಸವದತ್ತಿಯ ಹತ್ತಿರಕ್ಕೆ ಬರುವ ಹೊತ್ತಿಗೆ ಭೂಮಿಯ ಬಣ್ಣವೇ ಬದಲಾಗುತ್ತದೆ. ಮಳೆ ಕಡಮೆಯಾಗುತ್ತದೆ, ಮರಗಳು ವಿರಳವಾಗುತ್ತವೆ, ಎರೆಯ ಬಯಲು ಕಣ್ಣಳತೆಯವರೆಗೆ ಹರಡಿಕೊಳ್ಳುತ್ತದೆ. ಈ ಬಯಲಿನ ನಡುವೆ ಥಟ್ಟನೆ ಎದ್ದು ನಿಂತಿರುವುದು ಸವದತ್ತಿಯ ಬೆಟ್ಟಸಾಲು. ನದಿಯು ಈ ಸಾಲನ್ನು ಸುತ್ತಿ ಹೋಗದೆ, ನವಿಲುತೀರ್ಥವೆಂಬಲ್ಲಿ ಕಲ್ಲನ್ನೇ ಸೀಳಿಕೊಂಡು ಹೊರಬಿದ್ದು, ಮುನವಳ್ಳಿ, ತೊರಗಲ್ಲು, ರಾಮದುರ್ಗಗಳ ಕಡೆಗೆ ಹರಿದು, ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ಕಣಿವೆಗೇ 1970ರ ದಶಕದಲ್ಲಿ ಅಣೆಕಟ್ಟು ಪೂರ್ಣಗೊಂಡು ರೇಣುಕಾಸಾಗರವೆಂಬ ಜಲಾಶಯವಾಯಿತು. ಅದರ ಸಾಮರ್ಥ್ಯ ಸುಮಾರು 37 ಟಿ.ಎಂ.ಸಿ. ಅಡಿಗಳು.

ಭೂವಿಜ್ಞಾನಿಗಳು ಈ ಬೆಟ್ಟಗಳ ಶಿಲೆಗಳನ್ನು ಕಲಾದಗಿ ಶ್ರೇಣಿಗೆ ಸೇರಿಸುತ್ತಾರೆ. ಬಾಗಲಕೋಟೆ ಜಿಲ್ಲೆಯ ಕಲಾದಗಿಯ ಹೆಸರೇ ಈ ಶ್ರೇಣಿಗೆ ಬಂದಿದೆ. ಒಂದಾನೊಂದು ಕಾಲದಲ್ಲಿ ಆಳವಿಲ್ಲದ ಕಡಲಿನ ತಳದಲ್ಲಿ ಪದರಪದರವಾಗಿ ಕೂಡಿಬಿದ್ದ ಮರಳು ಒತ್ತಡದಿಂದ ಗಟ್ಟಿಯಾಗಿ ಕಲ್ಲಾಯಿತು. ಆ ಕಲ್ಲಿನ ವಯಸ್ಸು ನೂರು ಕೋಟಿ ವರ್ಷಗಳ ಲೆಕ್ಕದ್ದು. ಗೋಕಾಕದ ಜಲಪಾತದಲ್ಲಿ ಘಟಪ್ರಭೆಯು ಧುಮುಕುವುದು ಇದೇ ವರ್ಗದ ಬಂಡೆಯ ಮೇಲಿನಿಂದ. ಬಾದಾಮಿಯ ಗುಹಾಲಯಗಳನ್ನು ಕೊರೆದ ಮರಳುಗಲ್ಲೂ ಇದೇ ಕುಟುಂಬಕ್ಕೆ ಸೇರಿದ್ದು. ಹೂಲಿಯ ಗುಡ್ಡ ಈ ದೊಡ್ಡ ಬಳಗದ ಒಂದು ಸದಸ್ಯ.

ಈ ಕಲ್ಲಿನ ಗುಣವನ್ನು ತಿಳಿದರೆ ಗುಡ್ಡದ ಬುಡದಲ್ಲಿಯೇ ಊರು ಏಕೆ ಹುಟ್ಟಿತೆಂಬುದು ತಾನಾಗಿಯೇ ತಿಳಿಯುತ್ತದೆ. ಕಲ್ಲು ಕಠಿಣವಾದರೂ ಅದರಲ್ಲಿ ಸೀಳುಗಳು ಹೆಚ್ಚು. ಮಳೆಯ ನೀರಿನ ಒಂದು ಪಾಲು ಇಳಿಜಾರಿನಲ್ಲಿ ಹರಿದು ಹೋದರೆ ಇನ್ನೊಂದು ಪಾಲು ಆ ಸೀಳುಗಳಲ್ಲಿ ಇಳಿದು, ಕೆಳಗೆ ನೀರಿಳಿಯದ ಪದರವನ್ನು ಮುಟ್ಟಿದೊಡನೆ ದಾರಿಯನ್ನು ಹುಡುಕುತ್ತ ಬುಡದಲ್ಲಿ ಸೆಲೆಯಾಗಿ ಹೊಮ್ಮುತ್ತದೆ. ಹರಿದ ನೀರಿಗೆ ಅಡ್ಡಲಾಗಿ ಏರಿ ಹಾಕಿದರೆ ಕೆರೆ; ಸೆಲೆಗೆ ಕಲ್ಲು ಕಟ್ಟಿದರೆ ತೀರ್ಥ ಅಥವಾ ಹೊಂಡ. ಹೂಲಿಯಲ್ಲಿ ಅಗಸ್ತ್ಯತೀರ್ಥವೆಂದು ಹೆಸರಾದ ಜಲಾಶ್ರಯವಿರುವುದು ಇದೇ ಕಾರಣದಿಂದ. ಬೈಲಹೊಂಗಲದ ಕಡೆಯ ಸೊಗಲದಲ್ಲಿ ಝರಿಯ ಮಗ್ಗುಲಲ್ಲಿಯೇ ಸೋಮೇಶ್ವರನ ಗುಡಿ ನಿಂತಿರುವುದನ್ನು ಓದುಗರು ಕಂಡಿರಬಹುದು. ನೀರಿದ್ದಲ್ಲಿ ದೇವರು, ದೇವರಿದ್ದಲ್ಲಿ ಜನ, ಜನರಿದ್ದಲ್ಲಿ ವಿದ್ಯೆ: ಬಯಲುಸೀಮೆಯ ಊರುಗಳು ಬೆಳೆದ ಕ್ರಮ ಇದು.

ಇನ್ನು ಮಣ್ಣು. ಗುಡ್ಡದ ಓರೆಯಲ್ಲಿ ಗರಸು ಬೆರೆತ ಮಸಾರಿ; ಅದನ್ನು ಇಳಿದರೆ ಎರೆ. ಎರೆಯ ಹೊಲ ಹಿಂಗಾರಿಗೆ ಹೆಸರಾದುದು. ಮಳೆಗಾಲದ ನೀರನ್ನು ಹೀರಿ ಹೊಟ್ಟೆಯಲ್ಲಿಟ್ಟುಕೊಂಡು, ಚಳಿಗಾಲದಲ್ಲಿ ಬಿಳಿಜೋಳ, ಕಡಲೆ, ಗೋದಿ, ಕುಸುಬಿಗಳನ್ನು ಕೊಡುತ್ತದೆ. ಹೀಗೆ ಗುಡ್ಡದ ಬುಡದ ಊರಿನವನಿಗೆ ಎರಡು ಬಗೆಯ ಭೂಮಿ, ದನಕರುಗಳಿಗೆ ಗುಡ್ಡದ ಹುಲ್ಲು, ಕಟ್ಟಡಕ್ಕೆ ಕಲ್ಲು, ಕುಡಿಯಲು ಸೆಲೆಯ ನೀರು, ಸಂಕಟ ಬಂದಾಗ ಹತ್ತಿ ಅಡಗಲು ಗುಡ್ಡದ ನೆತ್ತಿ, ಇವೆಲ್ಲವೂ ಒಂದೆಡೆಯಲ್ಲಿ ದೊರೆಯುತ್ತಿದ್ದುವು. ಹೂಲಿಯ ಗುಡ್ಡದ ಮೇಲೆ ಹಾಳುಬಿದ್ದ ಕೋಟೆಯೊಂದು ಇಂದಿಗೂ ಇದೆ.

ಹೆಸರಿನ ವಿಚಾರ

ಊರಿನ ಹೆಸರು ಆ ಊರಿನ ಮೊದಲನೆಯ ಶಾಸನ. ಹಳಗನ್ನಡದ ಶಾಸನಗಳಲ್ಲಿ ಈ ಊರು ‘ಪೂಲಿ’ ಎಂದು ಕಾಣಿಸಿಕೊಳ್ಳುತ್ತದೆ. ಪದದ ಆದಿಯಲ್ಲಿದ್ದ ಪಕಾರವು ಕಾಲಕ್ರಮದಲ್ಲಿ ಹಕಾರವಾದುದು ಕನ್ನಡದ ಒಂದು ದೊಡ್ಡ ಧ್ವನಿವ್ಯತ್ಯಾಸ. ಪಾಲು ಹಾಲಾಯಿತು, ಪೂವು ಹೂವಾಯಿತು, ಪಳ್ಳಿ ಹಳ್ಳಿಯಾಯಿತು, ಪುಲಿ ಹುಲಿಯಾಯಿತು. ಹತ್ತನೆಯ ಶತಮಾನದ ಸುಮಾರಿಗೆ ಅಲ್ಲಲ್ಲಿ ಇಣಿಕಿದ ಈ ಬದಲಾವಣೆ ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ನಾಡೆಲ್ಲ ಹಬ್ಬಿತು. ಅದೇ ನಿಯಮದಂತೆ ಪೂಲಿಯು ಹೂಲಿಯಾಯಿತು. ಹೀಗಾಗಿ ಈ ಎರಡಕ್ಷರದ ಹೆಸರನ್ನು ಉಚ್ಚರಿಸಿದಾಗಲೆಲ್ಲ ನಾವು ಅರಿಯದೆಯೇ ಕನ್ನಡ ಭಾಷೆಯ ಒಂದು ಅಧ್ಯಾಯವನ್ನು ಉಚ್ಚರಿಸುತ್ತಿರುತ್ತೇವೆ.

ಆದರೆ ಪೂಲಿ ಎಂದರೇನು? ಊರಿನ ಹೆಸರಿಗೆ ಹುಲಿಯ ಸಂಬಂಧವನ್ನು ಹೇಳುವವರುಂಟು. ಗುಡ್ಡಗಾಡಿನಲ್ಲಿ ಹುಲಿಯಿದ್ದಿರಬಹುದು, ಆದರೆ ‘ಪುಲಿ’ಯ ಉಕಾರ ಹ್ರಸ್ವ, ‘ಪೂಲಿ’ಯ ಊಕಾರ ದೀರ್ಘ. ನಿಷ್ಕಾರಣವಾಗಿ ಹ್ರಸ್ವವು ದೀರ್ಘವಾಯಿತೆನ್ನುವುದಕ್ಕೆ ವ್ಯಾಕರಣದ ಬೆಂಬಲ ಸಾಲದು. ‘ಪೂವಲ್ಲಿ’ ಎಂಬುದೇ ಸವೆದು ಪೂಲಿಯಾಯಿತೆಂಬುದು ಇನ್ನೊಂದು ವಿವರಣೆ. ಮೊದಲಿನ ದೀರ್ಘ ಊಕಾರವನ್ನು ಇದು ಚೆನ್ನಾಗಿ ಸಮರ್ಥಿಸುತ್ತದೆ. ಸ್ಥಳಪುರಾಣವು ಇನ್ನೂ ಹಿಂದಕ್ಕೆ ಹೋಗಿ ಮಹಿಷ್ಪತಿ ನಗರವೆಂಬ ಹೆಸರನ್ನು ಹೇಳುತ್ತದೆ. ಪುರಾಣಕ್ಕೆ ಅದರದೇ ಆದ ಗೌರವವಿದೆ. ಆದರೆ ಕಲ್ಲಿನ ಮೇಲೆ ಕೊರೆದ ಅಕ್ಷರವನ್ನೂ ಬಾಯಿಂದ ಬಾಯಿಗೆ ಬಂದ ಕಥೆಯನ್ನೂ ಬೇರೆ ಬೇರೆಯಾಗಿ ಇರಿಸಿ ನೋಡುವ ವಿವೇಕವನ್ನು ವಿದ್ಯಾರ್ಥಿಗಳಿಗೆ ಕಲಿಸುವುದು ಅಗತ್ಯ. ನೆರೆಯ ಸವದತ್ತಿಯ ಹೆಸರೂ ಇಂಥದೇ. ಶಾಸನಗಳ ‘ಸುಗಂಧವರ್ತಿ’ಯು ಜನರ ನಾಲಗೆಯಲ್ಲಿ ಉರುಳಿ ಉರುಳಿ, ಮೂಲೆಗಳನ್ನು ಕಳೆದುಕೊಂಡ ಹೊಳೆಯ ಕಲ್ಲಿನಂತೆ, ಸವದತ್ತಿಯಾಗಿದೆ.

ಸಾಸಿರ್ವರ ಆಳ್ವಿಕೆ

ಹನ್ನೊಂದು, ಹನ್ನೆರಡನೆಯ ಶತಮಾನಗಳು ಪೂಲಿಯ ಉಚ್ಛ್ರಾಯದ ಕಾಲ. ಆಗ ಕಲ್ಯಾಣದ ಚಾಲುಕ್ಯರು ನಾಡಿನ ಚಕ್ರವರ್ತಿಗಳು. ಅವರ ಅಧೀನರಾಗಿ ರಟ್ಟರು ಸುಗಂಧವರ್ತಿಯಿಂದ ‘ಕೂಂಡಿ ಮೂರುಸಾಸಿರ’ವೆಂಬ ನಾಡನ್ನು ಆಳುತ್ತಿದ್ದರು. ಪೂರ್ವದಿಕ್ಕಿಗೆ ತೊರಗಲ್ಲನ್ನು ಕೇಂದ್ರವಾಗುಳ್ಳ ‘ತೊರಗಲೆ ಆರುಸಾಸಿರ’. ಈ ಸಂಖ್ಯೆಗಳು ಹಳ್ಳಿಗಳ ಲೆಕ್ಕವೋ ಕಂದಾಯದ ಲೆಕ್ಕವೋ ಎಂಬುದನ್ನು ಕುರಿತು ವಿದ್ವಾಂಸರಲ್ಲಿ ಚರ್ಚೆಯಿದೆ. ಸವದತ್ತಿಗೂ ತೊರಗಲ್ಲಿಗೂ ನಡುವೆ, ಎರಡು ಅಧಿಕಾರಕೇಂದ್ರಗಳ ಮಧ್ಯದಲ್ಲಿ, ಪೂಲಿಯೆಂಬ ಅಗ್ರಹಾರ ತನ್ನದೇ ವ್ಯಕ್ತಿತ್ವವನ್ನು ಕಾಪಾಡಿಕೊಂಡಿದ್ದಿತೆಂಬುದು ಗಮನಾರ್ಹ ಸಂಗತಿ.

ಅಗ್ರಹಾರವೆಂದರೆ ಇಂದಿನವರಿಗೆ ನಾಲ್ಕು ಮನೆಗಳ ಒಂದು ಓಣಿ ನೆನಪಾಗಬಹುದು. ಅಂದಿನ ಅಗ್ರಹಾರ ಹಾಗಿರಲಿಲ್ಲ. ಅದು ವಿದ್ವಾಂಸರಿಗೆ ಕೊಟ್ಟ ಇಡಿಯ ಊರು. ತನ್ನ ಆಡಳಿತವನ್ನು ತಾನೇ ನೋಡಿಕೊಳ್ಳುವ ಸಂಸ್ಥೆ. ಅದರ ಸಭೆಯ ಸದಸ್ಯರು ‘ಮಹಾಜನಂಗಳು’. ಪೂಲಿಯ ಮಹಾಜನರನ್ನು ಶಾಸನಗಳು ‘ಸಾಸಿರ್ವರು’ ಎಂದು ಕರೆಯುತ್ತವೆ. ಲಕ್ಕುಂಡಿಯಲ್ಲಿಯೂ ಸಾಸಿರ್ವರಿದ್ದರು, ಮಲಪ್ರಭೆಯ ಕೆಳದಂಡೆಯ ಐಹೊಳೆಯಲ್ಲಿ ವರ್ತಕರ ಸಂಘವು ‘ಐನೂರ್ವರು’ ಎಂದು ಹೆಸರಾಗಿತ್ತು. ಇವರು ಊರಿನ ಭೂಮಿಯನ್ನು ನೋಡಿಕೊಳ್ಳುತ್ತಿದ್ದರು, ತೆರಿಗೆಯನ್ನು ಕೂಡಿಸುತ್ತಿದ್ದರು, ವ್ಯಾಜ್ಯಗಳನ್ನು ಬಗೆಹರಿಸುತ್ತಿದ್ದರು. ಎಲ್ಲಕ್ಕಿಂತ ಮಿಗಿಲಾಗಿ, ದಾನಗಳನ್ನು ಕೊಟ್ಟವರ ಮಾತು ಕೊಟ್ಟವರು ತೀರಿಹೋದ ಮೇಲೆಯೂ ನಡೆಯುವಂತೆ ನೋಡಿಕೊಳ್ಳುವ ಹೊಣೆ ಅಂಥ ಸಭೆಗಳದಾಗಿದ್ದಿತು.

ಇಂದು ಪುರಸಭೆಯಿಲ್ಲದ ಹಳ್ಳಿಯೆಂದು ನಾವು ಎಣಿಸುವ ಊರಿನಲ್ಲಿ ಒಂಬತ್ತು ನೂರು ವರ್ಷಗಳ ಹಿಂದೆ ಇಂಥ ಸಭೆಯೊಂದು ಕೆಲಸ ಮಾಡುತ್ತಿದ್ದಿತು! ಹಾಗೆಂದು ಆ ವ್ಯವಸ್ಥೆಯನ್ನು ಸರ್ವಸಮತೆಯ ರಾಜ್ಯವೆಂದು ವರ್ಣಿಸುವುದೂ ಸಲ್ಲದು. ಸಭೆಯಲ್ಲಿ ಕುಳಿತವರು ಭೂಮಿಯ ಒಡೆಯರಾದ ವಿಪ್ರರು. ಹೊಲವನ್ನು ಉತ್ತವನಿಗೆ, ಮಡಕೆಯನ್ನು ಮಾಡಿದವನಿಗೆ, ಬಟ್ಟೆಯನ್ನು ನೆಯ್ದವನಿಗೆ ಅಲ್ಲಿ ಸ್ಥಾನವಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಬಸವಾದಿ ಶರಣರು ಕಾಯಕದ ಘನತೆಯನ್ನು ಎತ್ತಿಹಿಡಿದು, ದುಡಿಯುವವರನ್ನೇ ಅನುಭವಗೋಷ್ಠಿಗೆ ಕರೆದರು. ಆ ಕ್ರಾಂತಿಯ ಮಹತ್ವವನ್ನು ಅರಿಯಬೇಕಾದರೂ ಅದಕ್ಕೆ ಮೊದಲಿನ ಊರುಗಳು ಹೇಗಿದ್ದುವೆಂಬುದನ್ನು ತಿಳಿಯಬೇಕು. ಹೂಲಿಯ ಶಾಸನಗಳು ಆ ತಿಳಿವಳಿಕೆಗೆ ದೊಡ್ಡ ಆಧಾರ.

ಬಸದಿ, ಗುಡಿ, ಮಠ

ಹೂಲಿಯ ಶಾಸನಗಳನ್ನು ವಿದ್ವಲ್ಲೋಕಕ್ಕೆ ತಂದವರಲ್ಲಿ ಲಯನೆಲ್ ಬಾರ್ನೆಟ್ ಪ್ರಮುಖರು. ಅವರು ಇಲ್ಲಿಯ ಶಾಸನಗಳನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 18ನೆಯ ಸಂಪುಟದಲ್ಲಿ ಸಂಪಾದಿಸಿದರು. ಅದಕ್ಕೂ ಮೊದಲು ಜಾನ್ ಫೇತ್‌ಫುಲ್ ಫ್ಲೀಟರು ರಟ್ಟರ ಶಾಸನಗಳನ್ನು ಪ್ರಕಟಿಸಿ ಈ ಸೀಮೆಯ ಚರಿತ್ರೆಗೆ ತಳಹದಿ ಹಾಕಿದ್ದರು. ಲಂಡನ್ನಿನಲ್ಲಿ ಕುಳಿತ ವಿದ್ವಾಂಸನೊಬ್ಬ ನಮ್ಮ ಗುಡ್ಡದ ಬುಡದ ಹಳ್ಳಿಯ ಕನ್ನಡವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಓದಿದನೆಂಬುದು ನಮಗೆ ಸಂತೋಷವನ್ನೂ ಜೊತೆಗೆ ಕೊಂಚ ನಾಚಿಕೆಯನ್ನೂ ತರತಕ್ಕ ವಿಷಯ.

ಈ ಶಾಸನಗಳಲ್ಲಿ ಕ್ರಿ. ಶ. 1044ರದು ಆಹವಮಲ್ಲನೆಂಬ ಬಿರುದಿನ ಮೊದಲನೆಯ ಸೋಮೇಶ್ವರನ ಕಾಲದ್ದು. ಅದು ಜೈನದಾನಕ್ಕೆ ಸಂಬಂಧಿಸಿದೆ. ಯಾಪನೀಯ ಸಂಘದ ಪುನ್ನಾಗವೃಕ್ಷಮೂಲ ಗಣದ ಬಾಲಚಂದ್ರ ಭಟ್ಟಾರಕರನ್ನು ಉಲ್ಲೇಖಿಸುತ್ತದೆ. ನೂರು ವರ್ಷಗಳ ತರುವಾಯದ, ಎರಡನೆಯ ಜಗದೇಕಮಲ್ಲನ ಕಾಲದ 1145ರ ಶಾಸನದಲ್ಲಿ ರಾಮಚಂದ್ರದೇವರೆಂಬ ಯತಿಗಳ ಹೆಸರಿದೆ. ಒಂದು ಶತಮಾನದ ಉದ್ದಕ್ಕೂ ಇಲ್ಲಿ ಜೈನಧರ್ಮ ಜೀವಂತವಾಗಿದ್ದಿತೆಂಬುದಕ್ಕೆ ಇಷ್ಟು ಸಾಕು. ಯಾಪನೀಯರ ವಿಷಯವನ್ನು ಎರಡು ಮಾತಿನಲ್ಲಿ ಹೇಳಬೇಕು. ಇವರು ದಿಗಂಬರ ಶ್ವೇತಾಂಬರಗಳ ನಡುವಣ ಮಾರ್ಗವನ್ನು ಹಿಡಿದವರು. ಆಚಾರದಲ್ಲಿ ದಿಗಂಬರರಂತೆ ಇದ್ದು, ಸ್ತ್ರೀಯರಿಗೂ ಅದೇ ಜನ್ಮದಲ್ಲಿ ಮೋಕ್ಷ ಸಾಧ್ಯವೆಂಬ ಶ್ವೇತಾಂಬರರ ತತ್ತ್ವವನ್ನು ಒಪ್ಪಿದವರು. ಈ ಉದಾರ ಪಂಥ ಹೆಚ್ಚಾಗಿ ಬೆಳೆದುದು ಕರ್ನಾಟಕದಲ್ಲಿಯೇ. ಸವದತ್ತಿಯ 980ರ ಶಾಸನವೂ ಯಾಪನೀಯ ಯತಿಗಳನ್ನು ಹೆಸರಿಸುತ್ತದೆ. ಅದೇ 980ರಲ್ಲಿ ತೈಲಪನ ಆಳ್ವಿಕೆಯ ಶಾಸನವೊಂದು ಸೊಗಲದ ಶೈವಸ್ಥಾನದಲ್ಲಿ ಹುಟ್ಟಿದೆ. ಕೆಲವೇ ಹರದಾರಿಗಳ ಅಂತರದಲ್ಲಿ, ಒಂದೇ ವರುಷ, ಒಂದೇ ರಾಜ್ಯದಲ್ಲಿ ಜಿನನಿಗೂ ಶಿವನಿಗೂ ಭೂಮಿ ದೊರೆಯಿತು.

ಹೂಲಿಯಲ್ಲಿ ಶೈವ ಪರಂಪರೆ ಇನ್ನೂ ಪ್ರಬಲವಾಗಿದ್ದಿತು. ಆರನೆಯ ವಿಕ್ರಮಾದಿತ್ಯನ ಕಾಲದಿಂದ ಕಳಚುರಿ ಬಿಜ್ಜಳನ ಕಾಲದವರೆಗಿನ ಶಾಸನಗಳು ಇಲ್ಲಿಯ ದೇವಸ್ಥಾನಗಳ ವೈಭವವನ್ನು ಸಾರುತ್ತವೆ. ಇವುಗಳ ಆಚಾರ್ಯರು ಕಾಳಾಮುಖ ಶೈವರು. ನ್ಯಾಯ, ವ್ಯಾಕರಣ, ಆಗಮಗಳಲ್ಲಿ ಪಾರಂಗತರಾಗಿ, ದೇವಾಲಯದ ಆಶ್ರಯದಲ್ಲಿಯೇ ಪಾಠಶಾಲೆಗಳನ್ನು ನಡೆಯಿಸಿದವರು. ಕಾಳಾಮುಖರ ಸ್ಥಾನಗಳಲ್ಲಿ ಎಷ್ಟೋ ಮುಂದೆ ವೀರಶೈವ ಮಠಗಳಾಗಿ ಮಾರ್ಪಟ್ಟುವೆಂದು ಹಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಹೂಲಿಯೂ ಮುಂದೆ ವೀರಶೈವ ಮಠದ ಊರಾಯಿತು. ಸಂಗಮೇಶ್ವರ ಅಜ್ಜನವರ ಹೆಸರಿನಲ್ಲಿ ಅಲ್ಲಿ ಗುಡಿಯಿದೆ. ಅಕ್ಷರಕ್ಕೂ ಅನ್ನಕ್ಕೂ ಒಂದೇ ಸೂರನ್ನು ಹೊದಿಸುವ ಮಠದ ಪದ್ಧತಿಗೆ ಈ ನೆಲದಲ್ಲಿ ಹಳೆಯ ಬೇರುಗಳಿವೆ.

ಇಂದಿಗೂ ಉಳಿದಿರುವ ಗುಡಿಗಳಲ್ಲಿ ಹೆಸರಾದುದು ಪಂಚಲಿಂಗೇಶ್ವರ. ಕಲ್ಯಾಣ ಚಾಲುಕ್ಯರ ಶೈಲಿಯ ಈ ಕಟ್ಟಡದಲ್ಲಿ ಐದು ಲಿಂಗಗಳ ಪ್ರತಿಷ್ಠೆಯಿದೆ. ಸದ್ಯೋಜಾತ, ವಾಮದೇವ, ಅಘೋರ, ತತ್ಪುರುಷ, ಈಶಾನಗಳೆಂಬ ಶಿವನ ಪಂಚಮುಖಗಳ ಕಲ್ಪನೆಯನ್ನು ಬಲ್ಲವರಿಗೆ ಈ ಐದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದಲ್ಲದೆ ತ್ರಿಕೂಟೇಶ್ವರ, ಮದನೇಶ್ವರ, ಅಂಧಕೇಶ್ವರ, ತಾರಕೇಶ್ವರ, ಕಲ್ಮೇಶ್ವರ, ಕಾಶೀವಿಶ್ವನಾಥ, ಭವಾನಿಶಂಕರ, ಸೂರ್ಯನಾರಾಯಣ, ಬೀರದೇವ ಮುಂತಾದ ಗುಡಿಗಳೂ ಇವೆ. ಕೆಲವು ಸುಸ್ಥಿತಿಯಲ್ಲಿಲ್ಲ, ಕೆಲವು ಬರಿಯ ಕಂಬಗಳಾಗಿ ಉಳಿದಿವೆ. ಒಂದು ಚಿಕ್ಕ ಊರಿಗೆ ಇಷ್ಟೊಂದು ಗುಡಿಗಳೇಕೆ ಎಂದು ಯಾರಾದರೂ ಕೇಳಬಹುದು. ಉತ್ತರ ಸರಳವಾಗಿದೆ. ಊರು ಚಿಕ್ಕದಾದುದು ಈಚೆಗೆ. ಗುಡಿಗಳು ಹುಟ್ಟಿದಾಗ ಅದು ದೊಡ್ಡದಾಗಿದ್ದಿತು.

ದಾನಶಾಸನದ ಭಾಷೆ

ದಾನಿಗಳೂ ಅಧ್ಯಾಪಕರೂ ಓದುವ ಈ ಪುಟಗಳಲ್ಲಿ ದಾನಶಾಸನದ ರಚನೆಯನ್ನು ಸ್ವಲ್ಪ ವಿವರವಾಗಿ ಹೇಳುವುದು ಉಚಿತ. ಹನ್ನೊಂದು ಹನ್ನೆರಡನೆಯ ಶತಮಾನದ ಕನ್ನಡ ಶಾಸನಕ್ಕೆ ಒಂದು ನಿಶ್ಚಿತ ಮೈಕಟ್ಟಿದೆ. ಮೊದಲು ದೇವತಾಸ್ತುತಿ, ಅನಂತರ ಆಳುವ ಚಕ್ರವರ್ತಿಯ ಬಿರುದಾವಳಿ, ಆಮೇಲೆ ಸಾಮಂತನ ವಂಶ, ಬಳಿಕ ಊರಿನ ವರ್ಣನೆ ಹಾಗೂ ಮಹಾಜನರ ಗುಣಕಥನ, ಆ ಮೇಲೆ ದಾನವನ್ನು ಸ್ವೀಕರಿಸುವ ಆಚಾರ್ಯರ ಗುರುಪರಂಪರೆ, ಶಕವರ್ಷ, ಸಂವತ್ಸರ, ತಿಥಿ, ವಾರ, ಕೊನೆಗೆ ದಾನದ ವಿವರ ಮತ್ತು ಶಾಪಾಶಯ. ಮೊದಲ ಭಾಗ ಹೆಚ್ಚಾಗಿ ವೃತ್ತಕಂದಗಳಲ್ಲಿ, ದಾನದ ಭಾಗ ಶುದ್ಧ ವ್ಯಾವಹಾರಿಕ ಗದ್ಯದಲ್ಲಿ ಇರುತ್ತದೆ. ಕವಿಯ ಕನ್ನಡವನ್ನೂ ಒಕ್ಕಲಿಗನ ಕನ್ನಡವನ್ನೂ ಒಂದೇ ಕಲ್ಲಿನಲ್ಲಿ ಕಾಣಬಹುದಾದ ಅಪೂರ್ವ ಅವಕಾಶವಿದು.

ದಾನದ ಭಾಗದ ಮಾತುಗಳು ಬಹು ಬೆಲೆಯುಳ್ಳವು. ‘ಮತ್ತರು’ ಎಂಬುದು ಭೂಮಿಯ ಅಳತೆ. ‘ಕಮ್ಮ’ವು ಅದಕ್ಕಿಂತ ಕಿರಿದು. ಅಳೆಯುವ ಕೋಲು ಊರಿಂದೂರಿಗೆ ಬೇರೆಯಾಗುತ್ತಿದ್ದುದರಿಂದ ಯಾವ ಕೋಲಿನಿಂದ ಅಳೆದರೆಂಬುದನ್ನೂ ಎಷ್ಟೋ ಕಡೆ ಬರೆಯುತ್ತಿದ್ದರು. ‘ಗದ್ಯಾಣ’ ಚಿನ್ನದ ನಾಣ್ಯ. ‘ಗಾವುಂಡ’ನು ಇಂದಿನ ಗೌಡ. ಭೂಮಿಯ ಮೇರೆಗಳನ್ನು ಹೇಳುವಾಗ ಹಳ್ಳ, ಹುತ್ತ, ಗುಂಡು, ಮರ, ದಾರಿ ಇವನ್ನು ದಿಕ್ಕುದಿಕ್ಕಿಗೆ ಹೆಸರಿಸುತ್ತಾರೆ. ಊರಿನ ಪ್ರಾಚೀನ ಭೂಪಟವನ್ನು ಬರೆಯಬೇಕೆಂಬವನಿಗೆ ಇದಕ್ಕಿಂತ ಮಿಗಿಲಾದ ಸಾಮಗ್ರಿಯಿಲ್ಲ.

ಇನ್ನು ದಾನದ ಉದ್ದೇಶಗಳು. ಅಂಗಭೋಗವೆಂದರೆ ದೇವರ ಅಭಿಷೇಕ, ಅಲಂಕಾರ; ರಂಗಭೋಗವೆಂದರೆ ಸಭಾಮಂಟಪದ ಗೀತನೃತ್ಯಾದಿ ಸೇವೆ; ನಂದಾದೀವಿಗೆಯೆಂದರೆ ಆರದೆ ಉರಿಯುವ ದೀಪ. ಆಹಾರದಾನವು ತಪೋಧನರಿಗೂ ವಿದ್ಯಾರ್ಥಿಗಳಿಗೂ ಊಟ. ವಿದ್ಯಾದಾನವು ಕಲಿಸುವ ಉಪಾಧ್ಯಾಯನ ಜೀವನಾಧಾರ. ಇವೆಲ್ಲದರ ಜೊತೆಗೆ ತಪ್ಪದೆ ಬರುವ ಒಂದು ಮಾತು ‘ಖಂಡಸ್ಫುಟಿತ ಜೀರ್ಣೋದ್ಧಾರ’. ಒಡೆದುದನ್ನೂ ಬಿರುಕುಬಿಟ್ಟುದನ್ನೂ ಹಳೆಯದಾದುದನ್ನೂ ಸರಿಪಡಿಸುವುದೆಂದು ಇದರ ಅರ್ಥ.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಗುಡಿಯನ್ನು ಕಟ್ಟಿದ ದಿನವೇ ಅದು ಒಂದು ದಿನ ಬಿರುಕು ಬಿಡುತ್ತದೆಂಬುದನ್ನು ದಾನಿ ಬಲ್ಲವನಾಗಿದ್ದ. ಆದ್ದರಿಂದ ಕಟ್ಟಡಕ್ಕೆ ಮಾತ್ರ ಹಣ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ದೀಪದ ಎಣ್ಣೆಗೆ ಇಷ್ಟು, ಓದುವ ಹುಡುಗರ ಊಟಕ್ಕೆ ಇಷ್ಟು, ಕಲಿಸುವವನ ಸಂಸಾರಕ್ಕೆ ಇಷ್ಟು, ಮುರಿದುದನ್ನು ಕಟ್ಟುವುದಕ್ಕೆ ಇಷ್ಟು ಎಂದು ಭೂಮಿಯನ್ನು ವಿಂಗಡಿಸಿ, ನೀರೆರೆದು ಧಾರಾಪೂರ್ವಕವಾಗಿ ಕೊಟ್ಟ. ಅದು ನಡೆಯುವಂತೆ ನೋಡಿಕೊಳ್ಳಲು ಊರಿನ ಮಹಾಜನರನ್ನು ಸಾಕ್ಷಿಯಾಗಿಸಿದ. ನಮ್ಮ ಕಾಲದ ಮಾತಿನಲ್ಲಿ ಹೇಳುವುದಾದರೆ ಅದು ದತ್ತಿನಿಧಿ ಮತ್ತು ವಿಶ್ವಸ್ತ ಮಂಡಳಿ.

ಈ ದೃಷ್ಟಿ ನಮ್ಮ ಸೀಮೆಯಲ್ಲಿ ಅಳಿಯಲಿಲ್ಲ. ಇದೇ ಸವದತ್ತಿಯ ಸೀಮೆಯ ಶಿರಸಂಗಿಯ ತ್ಯಾಗವೀರ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಮೃತ್ಯುಪತ್ರದ ಮೂಲಕ ಮೀಸಲಿಟ್ಟರು. ನವಲಗುಂದ-ಶಿರಸಂಗಿ ಟ್ರಸ್ಟಿನ ವಿದ್ಯಾರ್ಥಿವೇತನದಿಂದ ಓದಿ ಮುಂದೆ ಬಂದವರು ಕರ್ನಾಟಕದಲ್ಲಿ ಅಸಂಖ್ಯರು. ಕಟ್ಟಡವೊಂದನ್ನು ಕಟ್ಟಿ ಹೆಸರನ್ನು ಕೆತ್ತಿಸುವುದಕ್ಕಿಂತ, ವರ್ಷವರ್ಷವೂ ಚಿಗುರುವ ದಾನ ದೊಡ್ಡದೆಂಬುದನ್ನು ಅವರು ತೋರಿಸಿಕೊಟ್ಟರು. ಹೂಲಿಯ ಕಲ್ಲುಗಳ ಭಾಷೆಯನ್ನೇ ಅವರ ಮೃತ್ಯುಪತ್ರವೂ ಆಡಿತೆಂದರೆ ಅತಿಶಯೋಕ್ತಿಯಾಗದು.

ಊರು ಹಿಂದೆ ಬಿದ್ದ ಬಗೆ

ಹಾಗಾದರೆ ಇಷ್ಟು ದೊಡ್ಡ ಅಗ್ರಹಾರ ಕುಗ್ಗಿದುದು ಹೇಗೆ? ಒಂದೇ ಏಟಿಗೆ ಬಿದ್ದ ಊರಲ್ಲ ಇದು. ಮೆಲ್ಲಮೆಲ್ಲನೆ ಬತ್ತಿದ ಕೆರೆಯಂತೆ. ಹದಿಮೂರನೆಯ ಶತಮಾನದ ಆರಂಭದ ವೇಳೆಗೆ ರಟ್ಟರ ರಾಜಧಾನಿ ಸುಗಂಧವರ್ತಿಯಿಂದ ವೇಣುಗ್ರಾಮಕ್ಕೆ, ಎಂದರೆ ಇಂದಿನ ಬೆಳಗಾವಿಗೆ, ಸಾಗಿತು. ಅಧಿಕಾರದ ಜೊತೆಗೆ ಆಶ್ರಯವೂ ಪಶ್ಚಿಮಕ್ಕೆ ಸರಿಯಿತು. ಅದೇ ಶತಮಾನದ ಮಧ್ಯದೊಳಗೆ ದೇವಗಿರಿಯ ಸೇವುಣರು ರಟ್ಟರನ್ನು ಅಡಗಿಸಿದರು. ಹದಿನಾಲ್ಕನೆಯ ಶತಮಾನದ ಆದಿಯಲ್ಲಿ ಸೇವುಣರ ರಾಜ್ಯವೇ ಅಳಿಯಿತು. ಮುಂದೆ ವಿಜಯನಗರ, 1565ರ ತರುವಾಯ ಬಿಜಾಪುರದ ಆದಿಲಶಾಹಿ, ಆ ಮೇಲೆ ಮರಾಠರು, 1818ರಲ್ಲಿ ಆಂಗ್ಲರು. ಆಳುವವರ ಭಾಷೆ, ಲೆಕ್ಕ, ಕಾಗದಪತ್ರಗಳು ಬದಲಾದಂತೆ ಹಳೆಯ ದಾನಗಳ ಹೊಣೆಯನ್ನು ಹೊರುವವರು ಇಲ್ಲವಾದರು. ಕಲ್ಲು ಉಳಿಯಿತು, ಕಲ್ಲಿನ ಮಾತನ್ನು ನಡೆಯಿಸುವ ಸಭೆ ಉಳಿಯಲಿಲ್ಲ.

ಆಂಗ್ಲರ ಕಾಲದಲ್ಲಿ ಈ ಸೀಮೆ ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಯಲ್ಲಿ ಪರಸಗಡ ತಾಲೂಕೆಂದು ಹೆಸರಾಗಿದ್ದಿತು. ನೆರೆಯ ರಾಮದುರ್ಗ ಸಂಸ್ಥಾನವಾಗಿ ಬೇರೆಯೇ ಇದ್ದಿತು. ಒಂದೇ ಭಾಷೆ, ಒಂದೇ ಬೆಳೆ, ಬೀಗತನದ ನಂಟುಳ್ಳ ಜನ ಎರಡು ಆಡಳಿತಗಳಲ್ಲಿ ಹಂಚಿಹೋಗಿದ್ದರು. 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಎಲ್ಲರೂ ಒಂದೇ ಕನ್ನಡ ರಾಜ್ಯದಲ್ಲಿ ಕೂಡಿದರು. ರಸ್ತೆಗಳು ಬಂದುವು, ಆದರೆ ಅವು ತಾಲೂಕಿನ ಕೇಂದ್ರಗಳನ್ನು ಒಂದಕ್ಕೊಂದು ಜೋಡಿಸುವ ರಸ್ತೆಗಳು. ಹತ್ತಿಯ ವ್ಯಾಪಾರ ಬೈಲಹೊಂಗಲಕ್ಕೂ ಸವದತ್ತಿಗೂ ಹರಿಯಿತು. ಯಾತ್ರಿಕರ ಪ್ರವಾಹ ಯಲ್ಲಮ್ಮನ ಗುಡ್ಡಕ್ಕೆ ಹರಿಯಿತು. ಪ್ರತಿವರ್ಷ ಬನದ ಹುಣ್ಣಿವೆ, ಭಾರತ ಹುಣ್ಣಿವೆಗಳಿಗೆ ಲಕ್ಷಾಂತರ ಜನ ಆ ಗುಡ್ಡವನ್ನು ಏರುತ್ತಾರೆ; ಅವರಲ್ಲಿ ಪಕ್ಕದ ಹೂಲಿಗೆ ಹೊರಳುವವರು ವಿರಳ.

ನಮ್ಮ ಕರ್ತವ್ಯ

ಇತಿಹಾಸವನ್ನು ಓದಿ ಹೆಮ್ಮೆಪಡುವುದು ಸುಲಭ. ಅದನ್ನು ಉಳಿಸುವುದು ಕಷ್ಟ. ನಮ್ಮ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಶಾಸನದ ಕಲ್ಲುಗಳು ಬಚ್ಚಲಿನ ಹಾಸುಗಲ್ಲಾಗಿವೆ, ಕಟ್ಟೆಯ ಮೆಟ್ಟಿಲಾಗಿವೆ, ದನ ಕಟ್ಟುವ ಗೂಟವಾಗಿವೆ. ಸುಣ್ಣ ಬಳಿದುದರಿಂದ ಅಕ್ಷರ ಮುಚ್ಚಿಹೋದ ವೀರಗಲ್ಲುಗಳಿಗೆ ಲೆಕ್ಕವಿಲ್ಲ. ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಅಪಾಯ ಸೇರಿಕೊಂಡಿದೆ. ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಹಳೆಯ ಗುಡಿಯ ಕಂಬಗಳಿಗೆ ಎಣ್ಣೆಬಣ್ಣ ಹಚ್ಚುವುದು, ನೆಲಕ್ಕೆ ನುಣುಪುಗಲ್ಲು ಹಾಸುವುದು, ಹಳೆಯದನ್ನು ಕೆಡವಿ ಸಿಮೆಂಟಿನಿಂದ ಹೊಸದನ್ನು ಎಬ್ಬಿಸುವುದು. ಶ್ರದ್ಧೆಯಿಂದಲೇ ಇದನ್ನು ಮಾಡುತ್ತಾರೆ. ಆದರೆ ಫಲ ಮಾತ್ರ ನಾಶವೇ. ಖಂಡಸ್ಫುಟಿತವನ್ನು ಸರಿಪಡಿಸಿರೆಂದು ಶಾಸನ ಹೇಳಿತೇ ಹೊರತು ಅಳಿಸಿರೆಂದು ಹೇಳಲಿಲ್ಲ.

ಒಂದು ಸಾಲು ಅಳಿದರೆ ಏನು ಹೋಯಿತೆಂದು ಕೇಳುವವರಿಗೆ ಹೂಲಿಯೇ ಉತ್ತರ. 1044ರ ಆ ಕಲ್ಲು ಕಾಣೆಯಾಗಿದ್ದರೆ ಬಾಲಚಂದ್ರ ಭಟ್ಟಾರಕರು ಈ ಊರಿನಲ್ಲಿ ಇದ್ದರೆಂಬುದನ್ನು ಹೇಳುವ ದನಿ ಒಂದು ಕಡಮೆಯಾಗುತ್ತಿದ್ದಿತು. ಸಾಸಿರ್ವರ ಹೆಸರಿರುವ ಕಲ್ಲುಗಳು ಇಲ್ಲವಾಗಿದ್ದರೆ ಈ ಹಳ್ಳಿಗೆ ಸಭೆಯಿದ್ದಿತೆಂದು ನಾವು ನಂಬುತ್ತಲೇ ಇರಲಿಲ್ಲ. ಅರಸರ ಚರಿತ್ರೆಗೆ ಹತ್ತು ಆಧಾರಗಳಿರುತ್ತವೆ. ಹಳ್ಳಿಯ ಚರಿತ್ರೆಗೆ ಇರುವುದು ಒಂದು ಕಲ್ಲು.

ಆದ್ದರಿಂದ ಅಧ್ಯಾಪಕ ಬಂಧುಗಳಲ್ಲಿ ಒಂದು ವಿನಂತಿ. ಶಾಲೆಯ ಪ್ರವಾಸವೆಂದರೆ ದೂರದ ಊರುಗಳೇ ಆಗಬೇಕೆಂಬ ನಿಯಮವಿಲ್ಲ. ಮಕ್ಕಳನ್ನು ಒಮ್ಮೆ ಹೂಲಿಗೂ ಸೊಗಲಕ್ಕೂ ಒಕ್ಕುಂದಕ್ಕೂ ಕರೆದೊಯ್ಯಬಹುದು. ಹಳಗನ್ನಡದ ಅಕ್ಷರಗಳ ಪಟ್ಟಿಯೊಂದನ್ನು ಕೈಯಲ್ಲಿ ಕೊಟ್ಟು, ಕಲ್ಲಿನ ಮೇಲೆ ತಮಗೆ ಗುರುತಾಗುವ ಹತ್ತು ಅಕ್ಷರಗಳನ್ನು ಹುಡುಕಿರೆಂದರೆ ಸಾಕು, ವ್ಯಾಕರಣದ ಪಾಠಕ್ಕಿಂತ ಹೆಚ್ಚಿನದನ್ನು ಅವರು ಕಲಿತಾರು. ತಮ್ಮ ತಮ್ಮ ಊರಿನ ಹೊಲಗಳ ಹೆಸರು, ಹಳ್ಳದ ಹೆಸರು, ಬಾವಿಯ ಹೆಸರು, ಗುಡಿಯ ಮುಂದಿನ ಕಲ್ಲುಗಳ ಎಣಿಕೆ, ಇವನ್ನು ಹಿರಿಯರಿಂದ ಕೇಳಿ ಬರೆದು ತರುವಂತೆ ಮನೆಗೆಲಸ ಕೊಡಬಹುದು. ಅಜ್ಜ ಅಜ್ಜಿಯರ ತರುವಾಯ ಅವು ಯಾವ ಪುಸ್ತಕದಲ್ಲಿಯೂ ಸಿಗುವುದಿಲ್ಲ.

ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಅಧಿಕಾರಸ್ಥಾನಗಳಲ್ಲಿದ್ದಾರೆ. ತಮ್ಮ ಊರಿನ ಗುಡಿಯ ಜೀರ್ಣೋದ್ಧಾರಕ್ಕೆ ಹಣ ಕೊಡುವ ಮುನ್ನ, ಬಲ್ಲ ಪ್ರಾಚ್ಯಶಾಸ್ತ್ರಜ್ಞರನ್ನು ಒಮ್ಮೆ ಕರೆದು ತೋರಿಸಿ, ಅಲ್ಲಿರುವ ಶಾಸನದ ಪಡಿಯಚ್ಚನ್ನು ತೆಗೆಸಿ, ಆ ಬಳಿಕ ಕೆಲಸ ನಡೆಯುವಂತೆ ನೋಡಿಕೊಂಡರೆ ಅದೂ ವಿದ್ಯಾದಾನವೇ. ದಾನಿಗಳಿಗಾದರೋ ಪೂಲಿಯ ಪ್ರಾಚೀನ ದಾನಿಗಳೇ ದಾರಿ ತೋರಿದ್ದಾರೆ: ಕಟ್ಟುವುದಕ್ಕೆ ಕೊಟ್ಟಂತೆ ಕಾಯುವುದಕ್ಕೂ ಕೊಡಬೇಕು, ಕಟ್ಟಡಕ್ಕೆ ಕೊಟ್ಟಂತೆ ಕಲಿಯುವವನ ಅನ್ನಕ್ಕೂ ಕೊಡಬೇಕು.

ಗುಡ್ಡ ಅಲ್ಲಿಯೇ ಇದೆ. ಮಳೆ ಬಂದಾಗ ಕಲ್ಲಿನ ಸೀಳುಗಳಲ್ಲಿ ನೀರು ಇಂದಿಗೂ ಇಳಿಯುತ್ತದೆ, ಬುಡದಲ್ಲಿ ಸೆಲೆಯಾಗಿ ಹೊಮ್ಮುತ್ತದೆ. ಮೇಲೆ ಬಿದ್ದ ಮಳೆ ಕೆಳಗೆ ಸೆಲೆಯಾಗಲು ಕಾಲ ಬೇಕು. ಒಂದು ತಲೆಮಾರಿನ ದಾನ ಇನ್ನೊಂದು ತಲೆಮಾರಿನ ವಿದ್ಯೆಯಾಗಲೂ ಹಾಗೆಯೇ ಕಾಲ ಬೇಕು. ನಡುವಣ ದಾರಿ ಮುಚ್ಚದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಪಾಲಿಗೆ ಬಂದ ಕೆಲಸ.